ಹಗ್ಗದ ತೂಕ

"ಹನ್ನೆರಡು ಏನು?" ಎಂದು ಮಾವ ಕೇಳಿದರು. "ಹನ್ನೆರಡು ಬದನೆಕಾಯಿನಾ? ಹನ್ನೆರಡು ಕತ್ತೆನಾ?"

ಸೊಸೆ ಹನ್ನೆರಡರ ಪಕ್ಕ ನ್ಯೂಟನ್ ಎಂದು ಬರೆದಳು. ಒತ್ತಿ ಬರೆದದ್ದರಿಂದ ಪೆನ್ಸಿಲಿನ ಮೊನೆ ಮುರಿಯಿತು.

ಸಂಜೆ ಐದೂವರೆ. ಊಟದ ಮೇಜಿನ ಒಂದು ತುದಿಯಲ್ಲಿ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಉಳಿದ ಮುಕ್ಕಾಲು ಮೇಜನ್ನು ಇಳಿಜಾರುಗಳು, ರಾಟೆಗಳು, ಜಾರುವ ಮರದ ತುಂಡುಗಳು ಆಕ್ರಮಿಸಿದ್ದವು. ಪರೀಕ್ಷೆಗೆ ಹದಿನಾಲ್ಕು ದಿನ ಉಳಿದಿತ್ತು.

ಅವಳು ಲಿಫ್ಟ್ ಮೆಕ್ಯಾನಿಕ್. ಹನ್ನೊಂದು ವರ್ಷ ಬೇರೆಯವರ ಕಟ್ಟಡಗಳ ಕತ್ತಲೆಯ ಶಾಫ್ಟುಗಳಲ್ಲಿ ಏಣಿ ಹತ್ತಿ ಇಳಿದವಳು. ಮೂರು ವರ್ಷದ ಹಿಂದೆ ಕೆಲಸದ ಮೇಲೆ ಎಡ ಮಂಡಿ ತಿರುಚಿಕೊಂಡಿತು. ಆಮೇಲೂ ಹಲ್ಲು ಕಚ್ಚಿ ಏಣಿ ಹತ್ತಿದಳು. ಈ ವರ್ಷ ಕಂಪನಿಯ ಡಾಕ್ಟರು ಮಂಡಿಯನ್ನು ಎರಡು ಸಲ ಒತ್ತಿ ನೋಡಿ, ಇನ್ನು ಶಾಫ್ಟಿಗೆ ಇಳಿಯುವಂತಿಲ್ಲ ಎಂದು ಬರೆದರು. ತಪಾಸಣಾಧಿಕಾರಿಯ ಪರೀಕ್ಷೆ ಪಾಸಾದರೆ ನಿಂತು ಮಾಡುವ ಕೆಲಸ ಸಿಗುತ್ತದೆ; ಆಗದಿದ್ದರೆ ಡಿಸೆಂಬರಿಗೆ ಮನೆ. ಮೂರು ಸಲ ಮಾತ್ರ ಪರೀಕ್ಷೆಗೆ ಕೂರಬಹುದು. ಎರಡು ಸಲ ಕೂತಾಗಿತ್ತು. ಎರಡೂ ಸಲ ವಿದ್ಯುತ್ತು, ಸುರಕ್ಷತೆ, ನಿಯಮಾವಳಿ ಎಲ್ಲ ದಾಟಿ ಭೌತಶಾಸ್ತ್ರದಲ್ಲಿ ಬಿದ್ದಿದ್ದಳು.

ಮಾವ ಮೂವತ್ತೊಂದು ವರ್ಷ ಅದೇ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಎರಡು ಸಲವೂ ಅವರನ್ನು ಕೇಳಲು ನಾಚಿಕೆಯಾಗಿತ್ತು. ಈ ಸಲ ನಾಚಿಕೆಗೆ ಪುರುಸೊತ್ತಿರಲಿಲ್ಲ.

ಅವರ ಕ್ರಮ ವಿಚಿತ್ರವಾಗಿತ್ತು. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚೌಕ ಕತ್ತರಿಸಿದ್ದರು. ಅದಕ್ಕೆ ಕಿಟಕಿ ಎಂದು ಹೆಸರು. ಲೆಕ್ಕದ ಚಿತ್ರ ಬರೆದ ಕೂಡಲೇ ಕಿಟಕಿಯನ್ನು ಚಿತ್ರದ ಮೇಲಿಟ್ಟು, ಒಂದೇ ಒಂದು ವಸ್ತು ಕಾಣುವಂತೆ ಮಾಡಿ ಕೇಳುತ್ತಿದ್ದರು: "ಇದನ್ನ ಯಾರ್ಯಾರು ಮುಟ್ಟಿದಾರೆ? ಮುಟ್ಟಿದವರಿಗೆಲ್ಲ ಒಂದೊಂದು ಬಾಣ. ಮುಟ್ಟದೇ ಎಳೆಯೋದು ಭೂಮಿ ಒಂದೇ, ಅದಕ್ಕೂ ಒಂದು ಬಾಣ. ಮುಗೀತು. ಊರ ಸುದ್ದಿಯೆಲ್ಲ ನಿನಗ್ಯಾಕೆ."

ಮೊದಲ ವಾರದಲ್ಲೇ ಇಳಿಜಾರು ದಾರಿಗೆ ಬಂತು. ಘರ್ಷಣೆ ಬಂತು. ಕೆಟ್ಟದ್ದು ರಾಟೆ. ರಾಟೆಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ತೂಕ. ಅವಳು ಪ್ರತಿ ಸಲವೂ ಒಂದು ಬಾಣ ಹೆಚ್ಚಿಗೆ ಹಾಕುತ್ತಿದ್ದಳು.

"ಇದೇನಮ್ಮ ಇದು?"

"ಹಗ್ಗದ ತೂಕ, ಮಾವ."

"ಹಗ್ಗಕ್ಕೆ ತೂಕ ಇಲ್ಲ ಅಂತ ಲೆಕ್ಕದಲ್ಲೇ ಬರೆದಿದೆಯಲ್ಲ."

"ತೂಕ ಇಲ್ಲದ ಹಗ್ಗ ಎಲ್ಲಿರತ್ತೆ?"

"ಪುಸ್ತಕದಲ್ಲಿರತ್ತೆ."

ಅವಳು ಬಾಣವನ್ನು ಅಳಿಸುತ್ತಿದ್ದಳು. ಆದರೆ ಮರುದಿನದ ಲೆಕ್ಕದಲ್ಲಿ ಬಾಣ ಮತ್ತೆ ಬರುತ್ತಿತ್ತು. ಹಟಕ್ಕೆ ಹಾಕುತ್ತಿದ್ದುದಲ್ಲ. ಹಗ್ಗ ಎಂಬ ಪದ ಓದಿದ ಕೂಡಲೇ ಅವಳ ಬಲ ಹೆಗಲು ತಗ್ಗುತ್ತಿತ್ತು. ಉಕ್ಕಿನ ರೋಪಿನ ಸುರುಳಿಯನ್ನು ಹೊತ್ತು ಒಂಬತ್ತು ಮಹಡಿ ಹತ್ತಿದ ಹೆಗಲು ಅದು.

"ನಿಮ್ಮ ಮಾವಂಗೆ ಒಂದು ದಿನ ಹೊರಿಸಿ ನೋಡು, ತೂಕ ಇದೆಯೋ ಇಲ್ಲವೋ ಗೊತ್ತಾಗತ್ತೆ" ಎಂದರು ಅತ್ತೆ, ಬೀನ್ಸಿನಿಂದ ತಲೆಯೆತ್ತದೆ.

"ನೀನು ನಾರು ತೆಗಿ. ಅದು ನಿನ್ನ ವಿಷಯ." ಮಾವ ಕನ್ನಡಕ ತೆಗೆದು ಸೊಸೆಯ ಕಡೆ ತಿರುಗಿದರು. "ನೋಡಮ್ಮ. ಪ್ರಶ್ನೆಪತ್ರಿಕೆ ಮಾಡೋನು ಕಾಳಿನ ಜೊತೆ ಜೊಳ್ಳು ಬೆರೆಸಿರ್ತಾನೆ. ಐದು ಸಂಖ್ಯೆ ಕೊಟ್ಟಿದ್ದರೆ ಬೇಕಾಗೋದು ಮೂರು. ಇನ್ನೆರಡು ನಿನ್ನಂಥೋರನ್ನ ಹಿಡಿಯೋಕೆ. ತೂರಿ ಬಿಡು. ಹಗ್ಗ ಅಂದರೆ ಜೊಳ್ಳು, ತಿಳ್ಕೋ. ಬಾಯಿಪಾಠ ಮಾಡು ಬೇಕಾದರೆ."

ಅವಳು ಬಾಯಿಪಾಠ ಮಾಡಿದಳು. ಬಸ್ಸಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಹಗ್ಗ ಜೊಳ್ಳು, ಹಗ್ಗ ಜೊಳ್ಳು. ಹನ್ನೊಂದನೆಯ ದಿನ ಬಾಣ ಬರಲಿಲ್ಲ. ಹನ್ನೆರಡನೆಯ ದಿನವೂ ಬರಲಿಲ್ಲ. ಮಾವ ಕಿಟಕಿಯನ್ನು ಮಡಿಸಿ ಅವಳ ಕೈಗೆ ಕೊಟ್ಟರು.

"ಒಳಗೆ ಬಿಡೋಲ್ಲ ಮಾವ."

"ಗೊತ್ತು. ಬಾಗಿಲ ತನಕ ಇರಲಿ."

ಪರೀಕ್ಷೆಯ ದಿನ ಅವಳು ಒಂದು ಗಂಟೆ ಮೊದಲೇ ಹೋದಳು. ಹೋಗಿ, ಪ್ರವೇಶಪತ್ರ ಇದೆಯೇ ಎಂದು ನೋಡಿಕೊಂಡಳು. ಚೀಲ ಮುಚ್ಚಿ, ನಿಜವಾಗಿಯೂ ನೋಡಿದೆನೇ ಎಂಬ ಅನುಮಾನ ಬಂದು ಮತ್ತೆ ತೆರೆದಳು. ನಾಲ್ಕನೆಯ ಮಹಡಿಯ ಹಾಲ್‌ಗೆ ಲಿಫ್ಟಿತ್ತು. ಅದು ಎರಡನೆಯ ಮಹಡಿಯಲ್ಲಿ ನಿಲ್ಲುವಾಗ ಸಣ್ಣಗೆ ಕುಲುಕಿತು. ಬ್ರೇಕಿನ ಪಟ್ಟಿ ಸವೆದಿದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ಅಪಶಕುನದಂತೆ ಕಂಡಿತು.

ಐದು ಪ್ರಶ್ನೆ, ತಲಾ ಇಪ್ಪತ್ತು ಅಂಕ, ಎರಡೂವರೆ ಗಂಟೆ. ಪಾಸಾಗಲು ಐವತ್ತು ಬೇಕು. ಪತ್ರಿಕೆಯ ತಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸೂಚನೆ: ಬೇರೆ ವಿವರ ಕೊಡದಿದ್ದಲ್ಲಿ ಹಗ್ಗ ಮತ್ತು ರಾಟೆಗಳಿಗೆ ತೂಕವಿಲ್ಲವೆಂದು ಭಾವಿಸಿ. ಅವಳಿಗೆ ಮಾವ ಪಕ್ಕದಲ್ಲಿ ಕೂತು ಕೆಮ್ಮಿದಂತಾಯಿತು.

ಮೊದಲನೆಯದು ಇಳಿಜಾರು. ಬಂತು. ಎರಡನೆಯದು ಅರ್ಧ ಬಂತು. ಮೂರನೆಯದರಲ್ಲಿ ಒಂದು ಗುಂಡು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಎಲ್ಲಿಗೋ ಹೋಯಿತು, ಅದನ್ನು ಹಿಡಿಯಲಾಗಲಿಲ್ಲ. ಐದನೆಯದರ ಮೊದಲ ಭಾಗವನ್ನಷ್ಟೇ ಮಾಡಿದಳು. ತನ್ನ ಅಂಕಗಳನ್ನು ತಾನೇ ಕೂಡಿದಳು. ಜಿಪುಣತನದಿಂದ ಕೂಡಿದರೆ ಮೂವತ್ತಮೂರು, ಧಾರಾಳವಾಗಿ ಕೂಡಿದರೆ ಮೂವತ್ತೆಂಟು. ನಾಲ್ಕನೆಯದು ಬರಲೇಬೇಕು.

ನಾಲ್ಕನೆಯದು ಲಿಫ್ಟು.

ಪ್ರಯಾಣಿಕರೂ ಸೇರಿ ಕ್ಯಾಬಿನ್ನಿನ ತೂಕ ಒಂಬೈನೂರು ಕಿಲೋ. ರಾಟೆಯ ಆಚೆ ಬದಿಯ ಎದುರುತೂಕ ಒಂದು ಸಾವಿರ ಕಿಲೋ. ಶಾಫ್ಟಿನ ಎತ್ತರ ನಲವತ್ತು ಮೀಟರ್. ರೋಪು ಮೀಟರಿಗೆ ಎರಡೂವರೆ ಕಿಲೋ. ಮೋಟಾರಿನ ಶಕ್ತಿ ಏಳು ಕಿಲೋವಾಟ್. ಕ್ಯಾಬಿನ್ ಎಲ್ಲಕ್ಕಿಂತ ಕೆಳಗಿನ ಮಹಡಿಯಲ್ಲಿ ನಿಂತಿದೆ. ಮೋಟಾರ್ ಬಂದ್ ಮಾಡಿ ಬ್ರೇಕ್ ಬಿಟ್ಟರೆ ಕ್ಯಾಬಿನ್ ಎಷ್ಟು ವೇಗೋತ್ಕರ್ಷದಿಂದ ಹೊರಡುತ್ತದೆ?

ಐದು ಸಂಖ್ಯೆ. ಬೇಕಾದದ್ದು ಎರಡು. ಅವಳು ಜೊಳ್ಳು ತೂರಿದಳು. ಈ ಕಡೆ ಒಂಬೈನೂರು, ಆ ಕಡೆ ಸಾವಿರ, ನೂರು ಕಿಲೋ ಹೆಚ್ಚಿರುವ ಆ ಕಡೆ ಇಳಿಯುತ್ತದೆ, ಕ್ಯಾಬಿನ್ ಏರುತ್ತದೆ. ನಾಲ್ಕು ಸಾಲಿನಲ್ಲಿ ಉತ್ತರ ಬಂತು. ಸೊನ್ನೆ ದಶಮಾಂಶ ಐದು ಎರಡು. ಕೈ ಇಷ್ಟು ಸಲೀಸಾಗಿ ಓಡಿದ್ದು ಇದೇ ಮೊದಲು. ಸೆಕೆಂಡಿನ ವರ್ಗಕ್ಕೆ ಮೀಟರ್ ಎಂದು ಏಕಮಾನವನ್ನೂ ಬರೆದು, ಅಡಿಗೆರೆ ಎಳೆದಳು. ಗಡಿಯಾರ ನೋಡಿದಳು. ಇಪ್ಪತ್ತೆರಡು ನಿಮಿಷ ಉಳಿದಿತ್ತು.

ಐದನೆಯ ಪ್ರಶ್ನೆಯ ಉಳಿದ ಭಾಗಕ್ಕೆ ಹೋಗಬೇಕಿತ್ತು. ಹೋಗಲಾಗಲಿಲ್ಲ. ಕೆಳಗಿನ ಮಹಡಿ, ಬ್ರೇಕ್ ಬಿಟ್ಟರೆ, ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡಿತು.

ಮೂರು ವರ್ಷದ ಹಿಂದೆ ಅವಳು ನಿಂತಿದ್ದದ್ದೂ ಕೆಳಗಿನ ಮಹಡಿಯಲ್ಲೇ. ಕ್ಯಾಬಿನ್ನಿನಲ್ಲಿ ಅವಳ ಜೊತೆ ತೂಕದ ಪರೀಕ್ಷೆಗೆ ತುಂಬಿದ ಕಬ್ಬಿಣದ ಗಟ್ಟಿಗಳಿದ್ದವು, ಅವಳ ಸಲಕರಣೆಯ ಪೆಟ್ಟಿಗೆಯಿತ್ತು. ಮೇಲಿನ ಮೆಷಿನ್ ರೂಮಿನಲ್ಲಿ ಅವಳ ಜೋಡಿಯ ಮೆಕ್ಯಾನಿಕ್ ಇದ್ದ. ಮೇಲೆ ಕೂತು ದುಂಡು ಕಣ್ಣು ಬಿಡುತ್ತಾನೆಂದು ಅವನನ್ನು ಎಲ್ಲರೂ ಗೂಬೆ ಎನ್ನುತ್ತಿದ್ದರು. ಅವನು ಫೋನಿನಲ್ಲಿ, "ಬ್ರೇಕ್ ಬಿಟ್ಟಿದೀನಿ" ಎಂದ. ಕ್ಯಾಬಿನ್ ಅಲ್ಲಾಡಲಿಲ್ಲ.

"ಎಲ್ಲಿ ಬಿಟ್ಟಿದೀಯ? ಕಲ್ಲಿನ ಥರ ನಿಂತಿದೆ."

"ಪೂರ್ತಿ ಬಿಟ್ಟಿದೀನಿ ಕಣೇ."

"ಹಿಡ್ಕೊಂಡಿದೆ. ಇರು, ನಾನೇ ಬರ್ತೀನಿ." ಅವಳು ಪೆಟ್ಟಿಗೆ ಎತ್ತಿಕೊಂಡು ಒಂದು ಕಾಲು ಹೊರಗಿಟ್ಟಳು. ಇನ್ನೊಂದು ಕಾಲು ಒಳಗಿರುವಾಗಲೇ ಕ್ಯಾಬಿನ್ ಏರತೊಡಗಿತು. ಮೊದಲು ಆಮೆಯಂತೆ, ಎಳೆದುಕೊಳ್ಳಬಹುದು ಎಂದುಕೊಳ್ಳುವಷ್ಟರಲ್ಲಿ ಜೋರಾಗಿ. ಮಂಡಿ ತಿರುಗಿದ ಸದ್ದು ಅವಳಿಗೇ ಕೇಳಿಸಿತ್ತು.

ವಿಚಾರಣೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು. ಗೂಬೆ ಬ್ರೇಕನ್ನು ಅರ್ಧ ಬಿಟ್ಟಿದ್ದ, ಆಮೇಲೆ ಹೇಳದೆ ಪೂರ್ತಿ ಬಿಟ್ಟ. ಗೂಬೆಗೆ ಆ ವರ್ಷದ ಬಡ್ತಿ ತಪ್ಪಿತು. ಈಗಲೂ ಎದುರು ಸಿಕ್ಕರೆ ಅವನು ದುಂಡು ಕಣ್ಣನ್ನು ಗೋಡೆಯ ಕಡೆ ತಿರುಗಿಸುತ್ತಾನೆ.

ಹದಿನೆಂಟು ನಿಮಿಷ.

ಅವಳು ಎರಡು ಕೈಗಳ ಹೆಬ್ಬೆರಳು ತೋರುಬೆರಳು ಜೋಡಿಸಿ, ಕ್ಯಾಬಿನ್ನಿನ ಚಿತ್ರದ ಮೇಲೆ ಕಿಟಕಿ ಮಾಡಿದಳು. ಇದನ್ನು ಯಾರು ಮುಟ್ಟಿದ್ದಾರೆ? ರೋಪು. ಭೂಮಿ. ಎರಡು ಬಾಣ. ಸರಿಯಾಗಿದೆ. ಆಮೇಲೆ ಬೆರಳುಗಳನ್ನು ಸ್ವಲ್ಪ ಮೇಲಕ್ಕೆ ಜರುಗಿಸಿದಳು. ಕಿಟಕಿಯಲ್ಲಿ ಈಗ ಕ್ಯಾಬಿನ್ ಇರಲಿಲ್ಲ, ರೋಪು ಮಾತ್ರ ಇತ್ತು. ಒಂದು ಗೆರೆ. ಹದಿನಾಲ್ಕು ದಿನದಲ್ಲಿ ಮಾವ ಒಮ್ಮೆಯೂ ಕಿಟಕಿಯನ್ನು ಗೆರೆಯ ಮೇಲೆ ಇಟ್ಟಿರಲಿಲ್ಲ. ಕ್ಯಾಬಿನ್ ಕೆಳಗಿದ್ದರೆ ಇಡೀ ನಲವತ್ತು ಮೀಟರ್ ಈ ಬದಿಗೇ ತೂಗುತ್ತದೆ. ಮೀಟರಿಗೆ ಎರಡೂವರೆ. ನೂರು ಕಿಲೋ. ಒಂಬೈನೂರಕ್ಕೆ ನೂರು ಸೇರಿದರೆ ಸಾವಿರ. ಆ ಕಡೆಯೂ ಸಾವಿರ.

ಹೊರಡುವುದೇ ಇಲ್ಲ.

ಬ್ರೇಕ್ ಬಿಟ್ಟರೂ ಹೊರಡುವುದಿಲ್ಲ, ಬ್ರೇಕ್ ಹಿಡಿದುಕೊಂಡಂತೆಯೇ ಕಾಣುತ್ತದೆ. ಈ ಕಡೆಯಿಂದ ಒಂದು ಪೆಟ್ಟಿಗೆ ಹೊರಗೆ ತೆಗೆದರೆ ಸಾಕು. ಏರತೊಡಗಿದರೆ ರೋಪು ಈ ಕಡೆಯಿಂದ ಆ ಕಡೆಗೆ ಹೋಗುತ್ತ, ಆ ಕಡೆಯ ಭಾರ ಹೆಚ್ಚುತ್ತ, ವೇಗವೂ ಹೆಚ್ಚುತ್ತದೆ. ತೂಕದ ಪರೀಕ್ಷೆಗೆ ಕ್ಯಾಬಿನ್ನನ್ನು ನಡುಮಹಡಿಗೇ ಒಯ್ಯಬೇಕೆಂಬ ನಿಯಮ ಏಕಿದೆಯೆಂದು ಹನ್ನೊಂದು ವರ್ಷದಲ್ಲಿ ಅವಳು ಯಾರನ್ನೂ ಕೇಳಿರಲಿಲ್ಲ. ಅಲ್ಲಿ ಎರಡೂ ಕಡೆ ಅಷ್ಟಷ್ಟೇ ರೋಪು.

ಆದರೆ ಪರೀಕ್ಷೆಯಲ್ಲಿ ಉತ್ತರ ಸೊನ್ನೆ ಬರುತ್ತದೆಯೇ? ಎಷ್ಟು ವೇಗೋತ್ಕರ್ಷದಿಂದ ಎಂದು ಕೇಳಿದವನಿಗೆ ಸೊನ್ನೆ ಎನ್ನುವುದೇ? ಸಂಖ್ಯೆಗಳು ನೂರಕ್ಕೆ ನೂರು ಸರಿಹೊಂದಿದ್ದು ಬೇಕೆಂದೇ ಇಟ್ಟದ್ದೋ, ಆಕಸ್ಮಿಕವೋ? ಮಾವನ ಮಾತು ಕೇಳಿದರೆ ಇಪ್ಪತ್ತು ಅಂಕ ಕೈಯಲ್ಲಿದೆ. ಹೆಗಲಿನ ಮಾತು ಕೇಳಿದರೆ ಇದೆಯೋ ಇಲ್ಲವೋ. ಎರಡು ಸಲ ಹೆಗಲಿನ ಮಾತು ಕೇಳಿಯೇ ಬಿದ್ದದ್ದು. ಪತ್ರಿಕೆಯ ತಲೆಯ ಸೂಚನೆಯನ್ನು ಮತ್ತೆ ಓದಿದಳು. ಬೇರೆ ವಿವರ ಕೊಡದಿದ್ದಲ್ಲಿ. ಕೊಟ್ಟಿದ್ದಾರಲ್ಲ. ಹಾಗಾದರೆ ಮೋಟಾರಿನ ಏಳು ಕಿಲೋವಾಟನ್ನೂ ಕೊಟ್ಟಿದ್ದಾರೆ, ಅದು ಜೊಳ್ಳಲ್ಲವೇ? ಪಕ್ಕದ ಸಾಲಿನಲ್ಲಿ ಯಾರೋ ಆಗಲೇ ಕಾಗದ ಕಟ್ಟುತ್ತಿದ್ದರು.

ಒಂಬತ್ತು ನಿಮಿಷ ಉಳಿದಿರುವಾಗ ಅವಳು ಆ ಚೆಂದದ ನಾಲ್ಕು ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಎಳೆದ ಕೂಡಲೇ ಹೊಡೆದು ಹಾಕಬಾರದಿತ್ತು ಅನ್ನಿಸಿತು. ಹೊಸ ಚಿತ್ರ ಬರೆದಳು, ಹೆಚ್ಚಿನ ಬಾಣ ಹಾಕಿದಳು, ಎರಡು ಕಡೆಯ ಸಾವಿರ ಬರೆದಳು. ವೇಗೋತ್ಕರ್ಷ = 0. ಕೆಳಗೆ ಒಂದು ಸಾಲು ಸೇರಿಸಿದಳು: ಕ್ಯಾಬಿನ್ನಿನಿಂದ ಏನನ್ನಾದರೂ ಹೊರತೆಗೆದರೆ ಮೇಲಕ್ಕೆ ಹೊರಡುತ್ತದೆ, ಹೊರಟರೆ ವೇಗ ಹೆಚ್ಚುತ್ತ ಹೋಗುತ್ತದೆ. ಗಂಟೆ ಹೊಡೆಯಿತು.

ಹೊರಗೆ ಮೆಟ್ಟಿಲ ಬಳಿ ನಾಲ್ಕೈದು ಜನ ಉತ್ತರ ತಾಳೆ ನೋಡುತ್ತಿದ್ದರು.

"ಲಿಫ್ಟಿಂದು ಪಾಯಿಂಟ್ ಐದು ಎರಡು ತಾನೇ?"

"ಅದೇ. ಸುಲಭದ್ದು ಅದೊಂದೇ."

"ನಿಮಗೆಷ್ಟು ಬಂತು, ಅಕ್ಕ?"

"ನೆನಪಿಲ್ಲ" ಎಂದು ಅವಳು ಮೆಟ್ಟಿಲಿಳಿದಳು. ಲಿಫ್ಟ್ ಹತ್ತಲು ಮನಸ್ಸಾಗಲಿಲ್ಲ. ಮಂಡಿ ಪ್ರತಿ ಮೆಟ್ಟಿಲಿಗೂ ಒಂದೊಂದು ಮಾತಾಡಿತು.

ಮನೆಯಲ್ಲಿ ಮಾವ ಪ್ರಶ್ನೆಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಬೂಟು ಬಿಚ್ಚಲೂ ಬಿಡದೆ ಕೂರಿಸಿಕೊಂಡರು. ನಾಲ್ಕನೆಯದನ್ನು ಪತ್ರಿಕೆಯ ಅಂಚಿನಲ್ಲೇ ಒಂದು ನಿಮಿಷದಲ್ಲಿ ಮಾಡಿದರು.

"ಪಾಯಿಂಟ್ ಐದು ಎರಡು. ಅಷ್ಟೇ ಬಂತಲ್ಲ?"

"ಮೊದಲು ಬಂತು."

"ಮೊದಲು ಅಂದರೆ?"

"ಹೊಡೆದು ಹಾಕಿ ಸೊನ್ನೆ ಬರೆದೆ."

ಮಾವ ಪೆನ್ನು ಕೆಳಗಿಟ್ಟರು. ಅವರು ಬೈಯುತ್ತಾರೆಂದು ಅವಳು ಕಾದಳು. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಮತ್ತೆ ಹಗ್ಗ ತಂದ್ಯಾ" ಎಂದರು ಸಣ್ಣ ದನಿಯಲ್ಲಿ.

"ಕಿಟಕಿ ರೋಪಿನ ಮೇಲಿಡಿ, ಮಾವ. ಕ್ಯಾಬಿನ್ ಕೆಳಗಿದೆ ಅಂತ ಯಾಕೆ ಬರೆದಿದಾರೆ? ಎಲ್ಲಿದ್ದರೂ ಒಂದೇ ಆಗಿದ್ದರೆ ಬರೀತಿರಲಿಲ್ಲ."

ಅವಳು ಚೀಲದಿಂದ ಮಡಿಸಿದ ರಟ್ಟನ್ನು ತೆಗೆದು ಕೊಟ್ಟಳು. ಮಾವ ಅದನ್ನು ಬಿಡಿಸಿ, ಚಿತ್ರದ ಮೇಲಿಟ್ಟು, ಮೆಲ್ಲಗೆ ಮೇಲಕ್ಕೆ ಜರುಗಿಸಿದರು. ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. ತುಟಿ ಅಲ್ಲಾಡುತ್ತಿತ್ತು, ನಲವತ್ತು, ಎರಡೂವರೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಸೊನ್ನೆ" ಎಂದರು ಮಾವ.

"ಸರಿನಾ?"

"ಸರಿ." ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಆದರೆ ತಿದ್ದೋನು ನನ್ನಂಥ ಮೇಷ್ಟ್ರಾಗಿದ್ದರೆ?"

ಪತ್ರಿಕೆ ಮಡಿಸುತ್ತ ಮಾವ, "ಏಕಮಾನ ಬರೆದೆ ತಾನೇ?" ಎಂದು ಕೇಳಿದರು.

"ಸೊನ್ನೆಗೂ ಬೇಕಾ?"

"ಸೊನ್ನೆ ಏನು? ಸೊನ್ನೆ ಕತ್ತೆನಾ?"

ಫಲಿತಾಂಶಕ್ಕೆ ಐದು ವಾರ ಹಿಡಿಯಿತು. ಆ ಐದು ವಾರ ಅವಳು ಡಿಪೋದಲ್ಲಿ ಬಿಡಿಭಾಗಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಳು. ಗೂಬೆ ದಿನಕ್ಕೆ ಎರಡು ಸಲ ಅವಳ ಮುಂದೆಯೇ ಹಾದುಹೋಗುತ್ತಿದ್ದ. ಅವತ್ತಿನ ತಪ್ಪು ನಿನ್ನದಲ್ಲ ಎಂಬ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ಪ್ರತಿ ಸಲವೂ ನುಂಗುತ್ತಿದ್ದಳು. ಸೊನ್ನೆ ತಪ್ಪೆಂದು ತಿದ್ದಿ ಬಂದರೆ? ಆಗ ಅವನಿಗೆ ಏನು ಹೇಳುವುದು? ಮಾವ ಸರಿ ಎಂದದ್ದು ಸಾಲದೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಸಾಲದು ಎನ್ನಿಸುತ್ತಿತ್ತು. ಹೆದರಿಕೆಗೆ ಇದೊಂದು ನೆಪ ಎಂದೂ ಗೊತ್ತಿತ್ತು. ಮನೆಯಲ್ಲಿ ಮಾವ ಸುಮ್ಮಸುಮ್ಮನೆ ಟೀ ಬಿಸಿಯಿಲ್ಲವೆಂದು ಜಗಳವಾಡುತ್ತಿದ್ದರು.

ಐವತ್ತೆರಡು ಬಂದಿತ್ತು.

ಅವಳು ಅದನ್ನು ಮೂರು ಸಲ ಓದಿದಳು. ನಂಬಿಕೆ ಬರದೆ ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದಳು. ಬಂದ ಪ್ರತಿಯನ್ನು ಮಾವನೇ ತೆರೆದರು. ನಾಲ್ಕನೆಯ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ತಪ್ಪು ಗುರುತು. ಆ ಗುರುತಿನ ಮೇಲೆ ಅದೇ ಶಾಯಿಯಲ್ಲಿ ಎರಡು ಅಡ್ಡಗೆರೆ, ಪಕ್ಕದಲ್ಲಿ ಹದಿನೆಂಟು. ತಪ್ಪೆಂದು ಬರೆದ ಕೈ, ಕೆಳಗಿನ ಆ ಒಂದು ಸಾಲನ್ನು ಓದಿ, ನಿಂತು, ವಾಪಸು ಬಂದಿತ್ತು. ಸಾಲಿನ ಕೆಳಗೆ ಗೆರೆ ಎಳೆದಿದ್ದರು.

"ಎರಡು ಯಾಕೆ ಕಡಿದಿದಾರೆ?" ಎಂದು ಅತ್ತೆ ಕೇಳಿದರು.

ಮಾವ ಸೊನ್ನೆಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಮುಖದಲ್ಲಿ ನಗು ತಡೆದುಕೊಂಡದ್ದು ಕಾಣುತ್ತಿತ್ತು. "ಕತ್ತೆಗೆ" ಎಂದರು.

ಜನವರಿಯಲ್ಲಿ ಅವಳು ತಪಾಸಣೆಯ ಪುಸ್ತಕ ಹಿಡಿದು ಒಂದು ಹಳೆಯ ಕಟ್ಟಡಕ್ಕೆ ಹೋದಳು. ಹದಿಮೂರು ಮಹಡಿ. ಕೆಳಗಿನ ಮಹಡಿಯಲ್ಲಿ ಬಾಗಿಲು ತೆರೆದು ನಿಂತ ಕ್ಯಾಬಿನ್ನಿನೊಳಗೆ ಕಬ್ಬಿಣದ ಗಟ್ಟಿಗಳು, ಸಲಕರಣೆಯ ಪೆಟ್ಟಿಗೆ, ಗೂಬೆ. ಮೆಷಿನ್ ರೂಮಿನಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇದ್ದ. ಗೂಬೆ ಅವಳಿಗೆ ನಮಸ್ಕಾರ ಮೇಡಂ ಎಂದ. ಮೇಡಂ ಎಂಬ ಪದವನ್ನು ಬೈಗುಳದ ಹಾಗೆ ಅಂದ.

ಫೋನಿನಲ್ಲಿ ಮೇಲಿನವನ ದನಿ ಬಂತು. "ಬ್ರೇಕ್ ಬಿಟ್ಟಿದೀನಿ."

ಕ್ಯಾಬಿನ್ ಅಲ್ಲಾಡಲಿಲ್ಲ.

"ಹಿಡ್ಕೊಂಡಿದೆ ಅಂತ ಕಾಣತ್ತೆ" ಎಂದು ಗೂಬೆ ಗೊಣಗಿದ. "ಇರಿ, ಮೇಲೆ ಹೋಗಿ ನೋಡ್ತೀನಿ." ಅವನು ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ.

"ಪೆಟ್ಟಿಗೆ ಅಲ್ಲೇ ಇರಲಿ."

ಅವಳ ದನಿಯಲ್ಲಿ ಏನಿತ್ತೋ, ಅವನ ಕೈ ಹಾಗೇ ನಿಂತಿತು.

"ನೀನೂ ಅಲ್ಲಾಡ್ಬೇಡ. ಮೊದಲು ಬ್ರೇಕ್ ಹಾಕಿಸು."

ಗೂಬೆ ಫೋನಿನಲ್ಲಿ ಹೇಳಿದ. ಮೇಲೆ ಎಲ್ಲೋ ಟಕ್ ಎಂದು ಸದ್ದಾಯಿತು. ಅವನು ಪೆಟ್ಟಿಗೆಯನ್ನು ನೋಡಿದ, ತಲೆಯ ಮೇಲಿನ ಚಾವಣಿಯನ್ನು ನೋಡಿದ, ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ದುಂಡು ಕಣ್ಣು ಅವಳ ಮೇಲಿಟ್ಟ.

"ಅವತ್ತು ನಿನ್ನ ಕೈಲಿ ಪೆಟ್ಟಿಗೆ ಇತ್ತು."

"ಹೂಂ."

"ನಾನು ಬ್ರೇಕ್ ಬಿಟ್ಟಿದ್ದೆ."

"ಪೂರ್ತಿ ಬಿಟ್ಟಿದ್ದೆ. ರೋಪಿನ ತೂಕ ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು, ಆದರೆ..."

"ಇದನ್ನೇ ನಾನು ಮೂರು ವರ್ಷದಿಂದ ಬಡ್ಕೋತಿದೀನಿ" ಎಂದ ಗೂಬೆ. ಸಿಟ್ಟಿಗಿಂತ ಆಯಾಸವಿತ್ತು. "ಬಾಯಲ್ಲಿ ಹೇಳಿದರೆ ಆಯ್ತಾ? ಬರೆದು ಕೊಡ್ತೀಯಾ?"

"ಕೊಡ್ತೀನಿ."

"ಲೆಕ್ಕ ಸಮೇತ?"

"ಲೆಕ್ಕ ಸಮೇತ. ಏಕಮಾನ ಹಾಕಿ."

ಅವನಿಗೆ ಅದು ಅರ್ಥವಾಗಲಿಲ್ಲ. ಅವಳು ಪುಸ್ತಕ ತೆರೆದಳು, ಪೆನ್ಸಿಲ್ ತೆಗೆದಳು. ಬರೆಯುವ ಮೊದಲು ಒಮ್ಮೆ ಕೆಳಗೆ ನೋಡಿ, ತನ್ನ ಎರಡೂ ಕಾಲು ಹೊರಗೇ ಇವೆಯೇ ಎಂದು ಖಚಿತ ಮಾಡಿಕೊಂಡಳು. ಇದ್ದವು. ಮತ್ತೊಮ್ಮೆ ನೋಡಿದಳು.